ಹರಿವಾಣ ಖಾಲಿ ಬರುವುದಿಲ್ಲ

ನಮ್ಮ ಮನೆಯ ಕಾಲಿಂಗ್ ಬೆಲ್ಲಿಗೆ ಒಂದು ಗುಣ ಉಂಟು. ನಾನು ಆಸ್ಪತ್ರೆಯ ನೈಟ್ ಡ್ಯೂಟಿ ಮುಗಿಸಿ, ಬೆಳಿಗ್ಗೆ ಬಂದು ಕರ್ಟನ್ ಎಳೆದು, ಇನ್ನೇನು ಕಣ್ಣು ಹತ್ತಬೇಕು ಎನ್ನುವಾಗಲೇ ಅದು ಹೊಡೆಯುತ್ತದೆ. ಕುವೈತಿನ ರಿಗ್ಗೈಯ ಈ ಬಿಲ್ಡಿಂಗಿನಲ್ಲಿ ಇಷ್ಟು ವರ್ಷ ಇದ್ದೇನಲ್ಲ, ಅದು ಸುಮ್ಮನೆ ಹೊಡೆದದ್ದು ನನಗೆ ನೆನಪಿಲ್ಲ. ಬಾಗಿಲು ತೆರೆದರೆ ಹೊರಗೆ ಏನಾದರೊಂದು ಫಜೀತಿ ನಿಂತಿರುತ್ತದೆ. ಎಲ್ಲವನ್ನೂ ಹೇಳಲಿಕ್ಕೆ ಹೋದರೆ ನನ್ನ ನಿದ್ದೆ ಇನ್ನಷ್ಟು ಹಾಳು. ಹಾಗಾಗಿ ಕಳೆದ ಕ್ರಿಸ್ಮಸ್ಸಿನದ್ದನ್ನು ಮಾತ್ರ ಹೇಳುತ್ತೇನೆ.

ಹರಿವಾಣ ಬಂದದ್ದು

ನವೆಂಬರ್ ಕೊನೆಗೆ ಮಂಗಳೂರಿನಿಂದ ನನ್ನ ಅತ್ತೆ ಬಂದರು. ನಾವು ಕೊಂಕಣಿಯವರು, ಅತ್ತೆಯನ್ನು ಮಾಂಯ್ ಎನ್ನುತ್ತೇವೆ. ಜನವರಿ ಮೊದಲ ವಾರದಲ್ಲಿ ಅವರ ಕೊನೆಯ ಮಗಳ ಮದುವೆ ಇತ್ತು. ಚಿನ್ನ ಕುವೈತಿನಲ್ಲೇ ಆರಿಸಬೇಕು ಎಂದು ಬಂದದ್ದು. ಆದರೆ ಸೂಟ್‌ಕೇಸ್ ತೆರೆದಾಗ ಬಟ್ಟೆಗಿಂತ ಮೊದಲು ಹೊರಗೆ ಬಂದದ್ದು ಒಂದು ದೊಡ್ಡ ಹಿತ್ತಾಳೆಯ ಹರಿವಾಣ.

"ಇದನ್ನು ಯಾಕೆ ಹೊತ್ತು ತಂದಿರಿ ಮಾಂಯ್? ಇಲ್ಲಿ ತಟ್ಟೆ ಸಿಗುವುದಿಲ್ಲವಾ?" ಎಂದು ನಾನು ಕೇಳಿದೆ.

"ಹೋದ ವರ್ಷ ನೀನು ಕುಸ್ವಾರನ್ನು ಕಾಗದದ ಪ್ಲೇಟಿನಲ್ಲಿ ಹಂಚಿದ್ದು ನಾನು ವಿಡಿಯೋದಲ್ಲಿ ನೋಡಲಿಲ್ಲವಾ ಬಾಯೆ? ಮೂರು ದಿನ ನನಗೆ ಊಟ ಸೇರಲಿಲ್ಲ."

ಕುಸ್ವಾರ್ ಎಂದರೆ ನಮ್ಮ ಕ್ರಿಸ್ಮಸ್ ತಿಂಡಿಗಳ ಒಟ್ಟು ಹೆಸರು. ನೆವ್ರಿ, ಕಿಡಿಯೊ, ಗುಳಿಯೊ, ಲಾಡು, ಚಕ್ಕುಲಿ, ಎಲ್ಲ ಅದರಲ್ಲಿ ಬಂತು. ಹಬ್ಬಕ್ಕೆ ನೆರೆಮನೆಗಳಿಗೆ ಕಳಿಸಲೇಬೇಕು. ಮಾಂಯ್ ಮದುವೆಯಾಗಿ ತವರಿನಿಂದ ಇದನ್ನು ತಂದಂದಿನಿಂದ ಮೊದಲ ಪಾಲು ಹೋಗುವುದು ಇದೇ ಹರಿವಾಣದಲ್ಲಿ. ಅದಲ್ಲದೆ ನಮ್ಮಲ್ಲಿ ಮದುವೆಯ ಮುನ್ನಾದಿನ ರೋಸ್ ಎಂಬ ಶಾಸ್ತ್ರ ಉಂಟು, ಮದುಮಗಳಿಗೂ ಮದುಮಗನಿಗೂ ಅವರವರ ಮನೆಯಲ್ಲಿ ತೆಂಗಿನ ಹಾಲು ಹಚ್ಚುವುದು. ಆ ಹಾಲಿನ ಬೋಗುಣಿ ಇಡುವುದೂ ಇದರ ಮೇಲೆಯೇ. ಮಾಂಯ್‌ಯದ್ದು ಹಾಗೆ ಆಗಿತ್ತು, ದೊಡ್ಡ ಮಗಳದ್ದೂ, ನನ್ನ ಗಂಡನದ್ದೂ. ಈಗ ಸಣ್ಣವಳದ್ದು.

"ರೋಸಿಗೆ ಇದು ಬೇಕೇ ಬೇಕು. ಹೋಗುವಾಗ ನನ್ನ ಪಾಸ್‌ಪೋರ್ಟ್ ಮರೆತರೂ ಅಡ್ಡಿಯಿಲ್ಲ, ಹರಿವಾಣ ನೆನಪು ಮಾಡು" ಎಂದರು.

ನಾನು ಆಯಿತು ಎಂದೆ. ಕೊನೆಗೆ ಪಾಸ್‌ಪೋರ್ಟಿನ ಬಗ್ಗೆ ಯಾರಿಗೂ ಚಿಂತೆ ಮಾಡುವ ಸಂದರ್ಭವೇ ಬರಲಿಲ್ಲ.

ಒಂದು ಚಮಚ ಸಕ್ಕರೆ

ನಮ್ಮ ಎದುರು ಫ್ಲ್ಯಾಟಿನಲ್ಲಿ ಒಬ್ಬರು ಅಮೆರಿಕದ ಟೀಚರ್ ಇದ್ದಾರೆ. ಜಾರ್ಜಿಯಾ ರಾಜ್ಯದವರು. ಅರವತ್ತು ದಾಟಿದೆ, ಒಬ್ಬರೇ. ಯಾರನ್ನು ಕಂಡರೂ "ಹನಿ" ಎನ್ನುತ್ತಾರೆ, ಲಿಫ್ಟು ಕೆಟ್ಟಾಗ ಲಿಫ್ಟಿಗೂ ಹೇಳಿದ್ದನ್ನು ನಾನು ಕೇಳಿದ್ದೇನೆ. ಹೆಚ್ಚಾಗಿ ಡಿಸೆಂಬರಿನಲ್ಲಿ ಊರಿಗೆ ಹೋಗುವವರು, ಈ ಸಲ ಹೋಗಿರಲಿಲ್ಲ. ಬೇಸಗೆಯಲ್ಲಿ ಅವರ ಅಕ್ಕ ತೀರಿಕೊಂಡಿದ್ದರು. ಹೋಗಿ ನೋಡಲಿಕ್ಕೆ ಅಲ್ಲಿ ಬೇರೆ ಯಾರೂ ಉಳಿದಿರಲಿಲ್ಲ.

ಮಾಂಯ್ ಮೊದಲ ಎಣ್ಣೆ ಇಟ್ಟದ್ದು ಹಬ್ಬಕ್ಕೆ ಇನ್ನೂ ಎರಡು ವಾರ ಇರುವಾಗ. ಕರಿದದ್ದೆಲ್ಲ ಹರಿವಾಣದಲ್ಲಿ ಜೋಡಿಸಿ, ಲೇಸಿನ ಬಟ್ಟೆ ಮುಚ್ಚಿ, "ಮೊದಲ ಪಾಲು ಎದುರು ಮನೆಗೆ" ಎಂದರು. ನಾನು ಕೊಟ್ಟು ಬಂದೆ.

ನಮ್ಮಲ್ಲಿ ಒಂದು ಕ್ರಮ ಉಂಟಲ್ಲ, ನೆರೆಮನೆಯ ಪಾತ್ರೆಯನ್ನು ಖಾಲಿ ವಾಪಸು ಕೊಡಬಾರದು. ಅದಕ್ಕೆಂದು ಯಾರೂ ಅಡುಗೆ ಮಾಡಿ ಕೂರುವುದಿಲ್ಲ. ಒಂದು ಚಮಚ ಸಕ್ಕರೆ ಹಾಕಿದರೆ ಮುಗಿಯಿತು. ಅಮೆರಿಕದವರಿಗೆ ಇದೆಲ್ಲ ಎಲ್ಲಿ ಗೊತ್ತಿರುತ್ತದೆ, ಖಾಲಿ ಕೊಟ್ಟರೆ ಬೇಸರ ಮಾಡಬೇಡಿ ಎಂದು ನಾನು ಮಾಂಯ್‌ಗೆ ಮೊದಲೇ ಹೇಳಿ ಇಟ್ಟೆ.

ಮರುದಿನ ಬೆಲ್ಲು ಹೊಡೆಯಿತು. ನಾನು ಮಲಗಿದ್ದೆ, ಹೇಳಬೇಕಾಗಿಲ್ಲ. ಬಾಗಿಲಲ್ಲಿ ಟೀಚರ್, ಕೈಯಲ್ಲಿ ಹರಿವಾಣ. ಅದರ ತುಂಬ ಸಕ್ಕರೆ ಪಾಕ, ಬೆಣ್ಣೆ ಹಾಕಿ ಮಾಡಿದ ಪೆಕಾನ್ ಬೀಜದ ಮಿಠಾಯಿ. ಪೆಕಾನ್ ಅವರ ಊರಿನ ಬೆಳೆ. ನಮ್ಮಲ್ಲಿ ಗೇರುಬೀಜ ಹೇಗೋ, ಅವರಲ್ಲಿ ಅದು.

"ನಮ್ಮ ಜಾರ್ಜಿಯಾದಲ್ಲಿ ನೆರೆಯವರ ಪಾತ್ರೆಯನ್ನು ಖಾಲಿ ವಾಪಸು ಕೊಡಬಾರದು ಹನಿ. ನನ್ನ ಅಮ್ಮ ಹೇಳಿಕೊಟ್ಟದ್ದು" ಎಂದರು ಟೀಚರ್.

ನಾನು ಅದನ್ನು ಕೊಂಕಣಿಯಲ್ಲಿ ಹೇಳಿದೆ. ಮಾಂಯ್‌ಗೆ ಮೊದಲು ಖುಷಿಯಾಯಿತು, ಆಮೇಲೆ ಮಿಠಾಯಿಯ ರಾಶಿ ನೋಡಿ ಮುಖ ಸಪ್ಪಗಾಯಿತು. ಬಾಗಿಲು ಹಾಕಿದ ಮೇಲೆ ನನ್ನ ಹತ್ತಿರ, "ಇದು ಸಕ್ಕರೆ ಲೆಕ್ಕದ್ದಲ್ಲ. ಇವಳು ನಮಗೆ ಹೊಸದಾಗಿ ಕೊಟ್ಟ ಹಾಗಾಯಿತು. ಈಗ ನಾವು ಕಳಿಸಬೇಕು" ಎಂದರು.

"ಕಳಿಸುವಾ. ಬೇರೆ ತಟ್ಟೆಯಲ್ಲಿ ಕಳಿಸುವಾ."

"ಮೊದಲು ಹರಿವಾಣದಲ್ಲಿ ಕಳಿಸಿ ಈಗ ಸ್ಟೀಲಿನ ತಟ್ಟೆಯಲ್ಲಿ ಕಳಿಸುವುದಾ? ನೀನು ಅವಳ ಮರ್ಯಾದೆ ತೆಗೆಯಲಿಕ್ಕೆ ಹೊರಟದ್ದಾ?"

ಸರಿ. ಎರಡು ದೇಶದ ಇಬ್ಬರು ಅಮ್ಮಂದಿರು ತಮ್ಮ ತಮ್ಮ ಮಕ್ಕಳಿಗೆ ಒಂದೇ ಬುದ್ಧಿ ಹೇಳಿಕೊಟ್ಟಿದ್ದರು. ಎಲ್ಲಿ ನಿಲ್ಲಿಸಬೇಕು ಎಂದು ಇಬ್ಬರೂ ಹೇಳಿಕೊಟ್ಟಿರಲಿಲ್ಲ.

ಗೆಣಸಿನ ಮೇಲೆ ಮೋಡ

ಮಾಂಯ್ ರವೆ ಲಾಡು ಕಳಿಸಿದರು. ಅದಕ್ಕೆ ಉತ್ತರವಾಗಿ ಟೀಚರ್ ಕಡೆಯಿಂದ ಬಂದದ್ದನ್ನು ನಾವಿಬ್ಬರೂ ಮೇಜಿನ ಬಳಿ ನಿಂತು ನೋಡಿದೆವು. ಕೆಳಗೆ ಅರೆದ ಸಿಹಿಗೆಣಸು, ಅದಕ್ಕೆ ಬೆಣ್ಣೆ, ಸಕ್ಕರೆ. ಮೇಲೆ ಬಿಳಿಬಿಳಿ ಮಾರ್ಷ್‌ಮೆಲೋ, ಹತ್ತಿಯಂಥ ಸಕ್ಕರೆ ಮಿಠಾಯಿ, ಸುಟ್ಟು ಉಬ್ಬಿತ್ತು. ಜಾರ್ಜಿಯಾದಲ್ಲಿ ಇದಿಲ್ಲದೆ ಕ್ರಿಸ್ಮಸ್ ಇಲ್ಲವಂತೆ.

"ಇದು ಊಟದ ನಂತರ ತಿನ್ನುವುದಾ?" ಎಂದು ನಾನು ಟೀಚರನ್ನು ಕೇಳಿದೆ.

"ಅಯ್ಯೋ ಇಲ್ಲ ಹನಿ. ಇದು ತರಕಾರಿ. ಮಾಂಸದ ಜೊತೆ ತಿನ್ನುವುದು."

ಮಾಂಯ್‌ಗೆ ಹೇಳಿದೆ. ಮಾಂಯ್ ಶಿಲುಬೆಯ ಗುರುತು ಹಾಕಿಕೊಂಡರು. "ಸಾಯ್ಬಾ ಭೊಗೊಸ್!" ಎಂದರು, ದೇವರೇ ಕ್ಷಮಿಸು ಎಂದು. ಆದರೂ ಬಂದದ್ದನ್ನು ಬಿಡುವಂತಿಲ್ಲ, ಬಂಗುಡೆ ಸಾರಿನ ಜೊತೆ ಒಂದು ಚಮಚ ಬಾಯಿಗಿಟ್ಟರು. ಆಮೇಲೆ ಇನ್ನೊಂದು ಚಮಚ ಹಾಕಿಕೊಂಡರು.

ನನ್ನ ಗಂಡ ಕಂಪನಿಯಿಂದ ಬರುವಷ್ಟರಲ್ಲಿ ಹರಿವಾಣ ತೊಳೆದು ಕವುಚಿಟ್ಟಾಗಿತ್ತು. "ಏನೋ ಅಮೆರಿಕದ್ದು ಬಂದಿತ್ತಂತೆ, ಎಲ್ಲಿ?" ಎಂದು ಕೇಳಿದರು.

"ಅದು ನಿನಗೆ ಆಗುವುದಿಲ್ಲ ಪುತಾ, ತರಕಾರಿ" ಎಂದರು ಮಾಂಯ್.

ಇಲ್ಲದ ಹಂದಿ

ಒಂದು ಸಂಜೆ ಟೀಚರ್ ಹರಿವಾಣ ಕೊಡಲಿಕ್ಕೆ ಬಂದವರು ಕೂತರು. ಈ ಸಲ ಕಿತ್ತಳೆ ತೊಳೆ, ಕಾಯಿತುರಿ, ಅನಾನಸು ಕಲಸಿದ್ದು ಬಂದಿತ್ತು. ಇದನ್ನೂ ಅವರು ಸಲಾಡ್ ಎಂದರು. ನಾವು ಈಗ ಆಶ್ಚರ್ಯಪಡುವುದನ್ನು ಬಿಟ್ಟಿದ್ದೆವು.

ಹಬ್ಬದ ದಿನ ನಿಮ್ಮಲ್ಲಿ ಮುಖ್ಯ ಅಡುಗೆ ಎಂತದು ಎಂದು ಮಾಂಯ್ ಕೇಳಿದರು. ಟೀಚರ್ ನಿಟ್ಟುಸಿರು ಬಿಟ್ಟು, ಹಂದಿಯ ಇಡೀ ತೊಡೆ, ಮೇಲೆ ಬೆಲ್ಲದಂಥ ಸಕ್ಕರೆ ಸವರಿ ಒಲೆಯಲ್ಲಿ ಬೇಯಿಸುವುದು ಎಂದರು. ನಾನು ತರ್ಜುಮೆ ಮಾಡಿದೆ. ಮಾಂಯ್ ಇವರಿಗಿಂತ ದೊಡ್ಡ ನಿಟ್ಟುಸಿರು ಬಿಟ್ಟು, ನಮ್ಮಲ್ಲಿ ಹಂದಿ ಮಾಂಸ, ಸಾನ್ನಾಂ ಎಂಬ ಇಡ್ಲಿ, ಮಸಾಲೆ ಹೀಗೆ, ಕೊಬ್ಬು ಹೀಗೆ ಎಂದು ಕೈಯಲ್ಲಿ ತೋರಿಸಿದರು. ಕುವೈತಿನಲ್ಲಿ ಅದು ಸಿಗುವ ಮಾತೇ ಇಲ್ಲ. ಇಬ್ಬರೂ ಸೋಫಾದಲ್ಲಿ ಪಕ್ಕಪಕ್ಕ ಕೂತು, ಒಬ್ಬರು ಇಂಗ್ಲಿಷಿನಲ್ಲಿ, ಒಬ್ಬರು ಕೊಂಕಣಿಯಲ್ಲಿ, ಎಷ್ಟು ಹೊತ್ತು ಬೇಯಿಸಬೇಕು, ಚರ್ಮ ಹೇಗಿರಬೇಕು ಎಂದು ಹೇಳಿಕೊಂಡರು. ಒಂದು ಹಂತದ ನಂತರ ನನ್ನ ತರ್ಜುಮೆಯೂ ಬೇಕಾಗಲಿಲ್ಲ.

ಅಷ್ಟರಲ್ಲಿ ನನ್ನ ಗಂಡ ಒಳಗೆ ಬಂದರು. ಇಬ್ಬರು ಹೆಂಗಸರು ಕೈ ಕೈ ಹಿಡಿದು ಕಣ್ಣು ಒದ್ದೆ ಮಾಡಿಕೊಂಡು ಕೂತದ್ದು ನೋಡಿ ಗಾಬರಿಯಾಗಿ, ನನ್ನ ಕಿವಿಯಲ್ಲಿ, "ಯಾರು ಹೋದದ್ದು?" ಎಂದು ಕೇಳಿದರು.

"ಹಂದಿ" ಎಂದೆ.

ಟೆರೇಸಿನಲ್ಲಿ ಟರ್ಕಿ

ಹಂದಿ ಇಲ್ಲದ ಮೇಲೆ ಟೀಚರ್ ಟರ್ಕಿ ಕೋಳಿಗೆ ಬಂದರು. ಅವರ ಕಡೆ ಕೆಲವು ಮನೆಗಳಲ್ಲಿ ಟರ್ಕಿಯನ್ನು ಇಡಿಯಾಗಿ, ತುಂಡು ಮಾಡದೆ, ಎಣ್ಣೆಯಲ್ಲಿ ಮುಳುಗಿಸಿ ಕರಿಯುತ್ತಾರಂತೆ. ಅದೂ ಹೊರಗೆ, ಅಂಗಳದಲ್ಲಿ. ರಿಗ್ಗೈಯಲ್ಲಿ ನಮಗೆ ಅಂಗಳ ಎಲ್ಲಿಂದ ಬರಬೇಕು? ಟೆರೇಸ್ ಎಂದಾಯಿತು. ನನ್ನ ಗಂಡ ಕ್ಯಾಟರಿಂಗಿನ ಗೆಳೆಯನ ಹತ್ತಿರ ಬಿರಿಯಾನಿ ಹಂಡೆ, ಗ್ಯಾಸ್ ಒಲೆ ತಂದುಕೊಟ್ಟರು.

ಬಿಲ್ಡಿಂಗಿನ ಕಾವಲುಗಾರ, ಇಲ್ಲಿ ಹಾರಿಸ್ ಎನ್ನುತ್ತಾರೆ, ಈಜಿಪ್ಟಿನವನು. ಹಂಡೆ ಮೆಟ್ಟಿಲು ಹತ್ತುವುದನ್ನು ನೋಡಿ "ಲಾ, ಲಾ, ಲಾ!" ಎಂದು ಅರಬಿಯಲ್ಲಿ ಬೇಡ ಬೇಡ ಎನ್ನುತ್ತಾ ಹಿಂದೆಯೇ ಓಡಿ ಬಂದ. ಟೀಚರ್ "ಹನಿ, ನಿನಗೂ ಒಂದು ಕಾಲು" ಎಂದರು. ಅವನಿಗೆ ಇಂಗ್ಲಿಷ್ ಬರುವುದಿಲ್ಲ, ಆದರೆ ಇದು ಅರ್ಥವಾಯಿತು. ಬೆಂಕಿ ನಂದಿಸುವ ಕೆಂಪು ಸಿಲಿಂಡರ್ ತಂದು ಪಕ್ಕದಲ್ಲಿ ಇಟ್ಟುಕೊಂಡು ಕೂತ.

ಟೀಚರ್ ರೈನ್‌ಕೋಟ್, ಈಜುವ ಕನ್ನಡಕ, ಮೊಣಕೈವರೆಗಿನ ಗ್ಲೌಸ್ ಹಾಕಿಕೊಂಡು ಬಂದರು. ಟರ್ಕಿಯನ್ನು ಒಂದು ಕೊಕ್ಕೆಗೆ ಸಿಕ್ಕಿಸಿ ನಿಧಾನ ಇಳಿಸಿದರು. ಎಣ್ಣೆ ಭೋರ್ ಎಂದು ಮೇಲೆ ಬಂದಾಗ ನಾನು, ನನ್ನ ಗಂಡ, ಹಾರಿಸ್ ಮೂವರೂ ನೀರಿನ ಟ್ಯಾಂಕಿನ ಹಿಂದೆ ಇದ್ದೆವು. ಮಾಂಯ್ ಮಾತ್ರ ಕದಲಲಿಲ್ಲ. ಹಂಡೆಯನ್ನೇ ನೋಡುತ್ತಿದ್ದರು.

"ಇಷ್ಟು ಎಣ್ಣೆ ಒಂದು ಕೋಳಿಗಾ?" ಎಂದು ಕೇಳಿದರು.

"ಹೌದಂತೆ ಮಾಂಯ್."

"ಆಮೇಲೆ ಈ ಎಣ್ಣೆ?"

"ಚೆಲ್ಲುವುದಂತೆ."

ಅಷ್ಟೇ. ಮಾಂಯ್ ಸರಸರ ಕೆಳಗೆ ಇಳಿದರು. ಟರ್ಕಿ ಹೊಂಬಣ್ಣಕ್ಕೆ ಬಂದು ಮೇಲೆದ್ದ ಹೊತ್ತಿಗೆ ಅವರು ಶಂಕರಪೋಳಿಯಂಥ ತುಕ್ಡಿಗೆ ಹಿಟ್ಟು, ಲಟ್ಟಣಿಗೆ, ಝಾರ ಎಲ್ಲ ಹಿಡಿದುಕೊಂಡು ಮತ್ತೆ ಹಾಜರು. ಆ ಎಣ್ಣೆಯಲ್ಲಿ ಎರಡು ಡಬ್ಬ ತುಕ್ಡಿ ಕರಿದರು. ಟೀಚರ್ ಹಾಕಿದ್ದ ಮೆಣಸು, ಬೆಳ್ಳುಳ್ಳಿ, ಕೋಳಿಯ ರಸ, ಎಲ್ಲ ಅದಕ್ಕೆ ಇಳಿದಿತ್ತು. ಭಾನುವಾರ ಚರ್ಚಿನಲ್ಲಿ ನಮ್ಮೂರ ಹೆಂಗಸರು ತಿಂದು, "ಈ ಸಲದ ತುಕ್ಡಿಗೆ ಎಂತ ಹಾಕಿದ್ದೀರಿ ಮಾಮಿ, ಹೇಳಲೇಬೇಕು" ಎಂದು ಸುತ್ತ ನಿಂತರು.

ಮಾಂಯ್ ಗಂಭೀರವಾಗಿ, "ಸ್ವಲ್ಪ ಜೀರಿಗೆ ಜಾಸ್ತಿ" ಎಂದರು. ಹರಿವಾಣ ಆ ಹೊತ್ತಿಗೆ ನಮ್ಮಲ್ಲಿತ್ತು, ಅರ್ಧ ಟರ್ಕಿಯ ಸಮೇತ. ಅಂದರೆ ಸರದಿ ಪುನಃ ನಮ್ಮದೇ.

ಮೊದಲು ಹೇಳಿದವರು ಗೆದ್ದರು

ಹಬ್ಬ ಹತ್ತಿರ ಬಂತು. ಹಬ್ಬ ಕಳೆದು ಎರಡನೇ ದಿನ ಮಾಂಯ್‌ಯ ವಿಮಾನ. ಕಳಿಸಿದ್ದು ಬರುತ್ತದೆ, ಬಂದದ್ದಕ್ಕೆ ಕಳಿಸಬೇಕು. ಮಾಂಯ್‌ಗೆ ನಿಜವಾದ ಹೆದರಿಕೆ ಶುರುವಾಯಿತು. ಹರಿವಾಣ ಕುವೈತಿನಲ್ಲೇ ಉಳಿದರೆ ರೋಸಿನ ದಿನ ಬೋಗುಣಿ ಎಲ್ಲಿ ಇಡುವುದು? ಸಣ್ಣ ಮಗಳಿಗೆ ಮಾತ್ರ ತಪ್ಪಿತು ಎಂದು ಆಗುವುದಿಲ್ಲವಾ? ಪ್ರಾರ್ಥನೆಯ ನಡುವೆ ನಿಲ್ಲಿಸಿ ನನ್ನನ್ನು ಕೇಳುತ್ತಿದ್ದರು.

"ನಾನು ಹೋಗಿ ನೇರ ಹೇಳುತ್ತೇನೆ, ಖಾಲಿ ಕೊಡಿ, ಮದುವೆಗೆ ಬೇಕು ಎಂದು" ಎಂದೆ.

"ಕೊಟ್ಟ ಪಾತ್ರೆ ಕೇಳುವುದಾ? ನೀನು ಯಾವ ಮನೆಯಿಂದ ಬಂದವಳು?"

ನಾನು ಯಾವ ಮನೆಯಿಂದ ಬಂದವಳು ಎಂದು ಅವರಿಗೆ ಚೆನ್ನಾಗಿ ಗೊತ್ತು, ಸಂಬಂಧ ನೋಡಿದ್ದೇ ಅವರು.

ಹಬ್ಬದ ಮುನ್ನಾದಿನ ಮಾಂಯ್ ನೆವ್ರಿ ತುಂಬಿ ಹರಿವಾಣ ಕಳಿಸಿದರು. ಆಗ ಟೀಚರ್ ತಮ್ಮ ಊರಿನ ಒಂದು ಆಟ ಹೇಳಿದರು. ಕ್ರಿಸ್ಮಸ್ ಬೆಳಿಗ್ಗೆ ಒಬ್ಬರನ್ನೊಬ್ಬರು ಕಂಡ ಕೂಡಲೇ "ಕ್ರಿಸ್ಮಸ್ ಗಿಫ್ಟ್!" ಎಂದು ಕೂಗಬೇಕು. ಮೊದಲು ಕೂಗಿದವರು ಗೆದ್ದರು, ಸೋತವರು ಉಡುಗೊರೆ ಕೊಡಬೇಕು. ಅವರೂ ಅವರ ಅಕ್ಕನೂ ಇದನ್ನು ಮುದುಕಿಯರಾದ ಮೇಲೂ ಬಿಟ್ಟಿರಲಿಲ್ಲವಂತೆ. ಕುವೈತಿಗೆ ಬಂದ ಮೇಲೂ, ಹೋಗಲಿಕ್ಕೆ ಆಗದ ವರ್ಷ ಫೋನಿನಲ್ಲಿ ಆಡುತ್ತಿದ್ದರು. ಅಕ್ಕ ಹಲೋ ಎನ್ನುವ ಬದಲು ಅದನ್ನೇ ಹೇಳಿ ಗೆಲ್ಲುತ್ತಿದ್ದರು. "ಈ ಸಲ ನಾನು ಸೋಲುವುದಿಲ್ಲ ನೋಡು ಹನಿ" ಎಂದು ಟೀಚರ್ ನಕ್ಕರು. ನಗು ಅರ್ಧಕ್ಕೆ ನಿಂತಿತು.

ಮನೆಗೆ ಬಂದು ಮಾಂಯ್‌ಗೆ ಎಲ್ಲ ಹೇಳಿದೆ. ಅವರು ಮೊದಲು "ಪಾಪ" ಎಂದರು. ಆಮೇಲೆ "ಹಬ್ಬದ ದಿನ ಬಾಯಿ ಬಿಟ್ಟು ಕೇಳುವುದಾ? ನಾಚಿಕೆಯಪ್ಪ" ಎಂದರು. ಸ್ವಲ್ಪ ಹೊತ್ತು ಕಳೆದು, "ಗೆದ್ದವರು ಏನು ಕೇಳಿದರೂ ಕೊಡಬೇಕಾ?" ಎಂದು ಕೇಳಿದರು. ಆಗಲೇ ನನಗೆ ಗೊತ್ತಾಗಬೇಕಿತ್ತು.

ಬೆಳಿಗ್ಗೆ ಎದ್ದು ನೋಡಿದರೆ ಮಾಂಯ್ ರೇಷ್ಮೆ ಸೀರೆಯಲ್ಲಿ, ಚರ್ಚಿನ ಪೂಜೆಗೆ ಹೊರಟವರು, ಎದುರು ಮನೆಯ ಬಾಗಿಲಿಗೆ ಮೂಗು ತಾಗಿಸಿ ನಿಂತಿದ್ದಾರೆ. ನಾನು "ಮಾಂಯ್!" ಎನ್ನುವಷ್ಟರಲ್ಲಿ ಬೆಲ್ ಒತ್ತಿಯೇ ಬಿಟ್ಟರು. ಬಾಗಿಲು ಒಂದು ಬೆರಳಿನಷ್ಟು ತೆರೆಯಿತು.

"ಕ್ರಿಸ್ಮಸ್ ಗಿಫ್ಟ್!"

ಇಡೀ ಫ್ಲೋರಿಗೆ ಕೇಳಿತು. ಟೀಚರ್ ಬಾಯಿ ತೆರೆದು ಹಾಗೆಯೇ ನಿಂತರು. ಆಮೇಲೆ ಮಾಂಯ್‌ಯನ್ನು ಅಪ್ಪಿಕೊಂಡು ಅತ್ತರು. ಅಳುತ್ತಾ ನಕ್ಕರು. "ಪುನಃ ಸೋತೆ, ಪುನಃ ಸೋತೆ" ಎಂದರು. ಮಾಂಯ್ ಅವರ ಬೆನ್ನು ಸವರುತ್ತಾ ನನ್ನ ಕಡೆ ತಿರುಗಿ, "ಗಿಫ್ಟ್ ಎಂತ ಬೇಕೆಂದು ಹೇಳು. ಹರಿವಾಣ. ಖಾಲಿ" ಎಂದರು.

ಹೇಳಿದೆ. ಟೀಚರ್ ಕಣ್ಣು ಒರೆಸಿಕೊಂಡು ಒಳಗೆ ಹೋಗಿ ಹರಿವಾಣ ತಂದರು. ಅದರಲ್ಲಿ ಒಂದು ಕಿತ್ತಳೆ ಹಣ್ಣು, ಒಂದು ಹಿಡಿ ಪೆಕಾನ್. "ಕೊಡುವುದು ಏನೆಂದು ಸೋತವರು ಆರಿಸುವುದು, ಮಿಸ್ ಮಾಂಯ್. ಮತ್ತೆ ಖಾಲಿ ಕೊಡುವುದು ಹೇಗೆ? ಮೇಲಿನಿಂದ ನನ್ನ ಅಮ್ಮ ನೋಡುತ್ತಿರುತ್ತಾಳೆ" ಎಂದರು.

"ಸತ್ತವರೂ ನನ್ನ ಹಿಂದೆ ಬಿದ್ದರಲ್ಲ!" ಎಂದರು ಮಾಂಯ್. ಅದನ್ನು ನಾನು ತರ್ಜುಮೆ ಮಾಡಲಿಲ್ಲ.

ಗಂಡನ ದಯೆ

ಆದರೆ ಮಾಂಯ್ ಚರ್ಚಿನಿಂದ ಬರುವಾಗ ದಾರಿಯಲ್ಲಿ ಲೆಕ್ಕ ಹಾಕಿದರು. ಒಂದು ಕಿತ್ತಳೆ, ಒಂದು ಹಿಡಿ ಬೀಜ. ಇದು ಸಕ್ಕರೆ ಲೆಕ್ಕಕ್ಕೆ ಬರುತ್ತದೆ. ಇದಕ್ಕೆ ಉತ್ತರ ಬೇಡ. ಖಲಾಸ್! ಕುವೈತಿನಲ್ಲಿ ಕಲಿತ ಆ ಒಂದೇ ಅರಬಿ ಶಬ್ದವನ್ನು ಅವರು ಮನೆಗೆ ಬಂದು ಎಷ್ಟು ಸಂತೋಷದಿಂದ ಹೇಳಿದರೆಂದರೆ, ನನಗೂ ಖುಷಿಯಾಯಿತು. ಹರಿವಾಣವನ್ನು ತೊಳೆದು, ಒರೆಸಿ, ಹಳೆ ಸೀರೆಯಲ್ಲಿ ಸುತ್ತಿ ಸೂಟ್‌ಕೇಸಿನಲ್ಲಿ ಎಲ್ಲದಕ್ಕಿಂತ ಮೇಲೆ ಇಟ್ಟರು.

ನಾನು ಸಂಜೆ ಡ್ಯೂಟಿಗೆ ಹೋದೆ. ಇಲ್ಲಿ ಕ್ರಿಸ್ಮಸ್ಸಿಗೆ ರಜೆ ಎಲ್ಲಿ? ಮಾಂಯ್ ಮಲಗಿದ್ದರು. ಮನೆಗೆ ನೆಂಟರು ಬಂದು ಹೋಗಿ ಸಿಂಕಿನಲ್ಲಿ ತಟ್ಟೆಗಳ ರಾಶಿ ಬಿದ್ದಿತ್ತು. ಆ ಹೊತ್ತಿನಲ್ಲಿ ನನ್ನ ಗಂಡನಿಗೆ ದಯೆ ಬಂತು. ವರ್ಷಕ್ಕೊಮ್ಮೆ ಬರುತ್ತದೆ, ಬರುವ ಹೊತ್ತು ಮಾತ್ರ ಸರಿ ಇರುವುದಿಲ್ಲ. ಪಾಪ, ಟೀಚರ್ ಹಬ್ಬದ ದಿನ ಒಬ್ಬರೇ ಇದ್ದಾರೆ, ಸಾನ್ನಾಂ ಮತ್ತು ಕುರಿ ಮಾಂಸ ಉಳಿದಿದೆ, ಕೊಟ್ಟು ಬರುತ್ತೇನೆ ಎಂದು ತೊಳೆದ ತಟ್ಟೆ ಹುಡುಕಿದ್ದಾರೆ. ಸಿಗಲಿಲ್ಲ. ಸೂಟ್‌ಕೇಸ್ ತೆರೆದೇ ಇತ್ತು.

ಬೆಳಿಗ್ಗೆ ನಾನು ಬಂದಾಗ ಮಾಂಯ್ ಹಳೆ ಸೀರೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದರು.

"ಎಂತ ಆಯಿತು?" ಎಂದೆ.

ಮಾಂಯ್ ನಿಧಾನವಾಗಿ ಹೇಳಿದರು: "ನಿನ್ನ ಗಂಡ ಒಳ್ಳೆಯವನು. ಅವನ ಅಪ್ಪನೂ ಹೀಗೇ ಇದ್ದರು. ನಾನು ನಲವತ್ತು ವರ್ಷ ಸಹಿಸಿದೆ, ಈಗ ನಿನ್ನ ಸರದಿ."

ಚೆಕ್-ಇನ್ ಲೈನು

ಹೊರಡುವ ದಿನದವರೆಗೂ ಹರಿವಾಣ ಬರಲಿಲ್ಲ. ಎದುರು ಮನೆಯಿಂದ ಬೆಣ್ಣೆ ಸುಡುವ ಪರಿಮಳ ಬರುತ್ತಿತ್ತು, ಅಷ್ಟೇ. ಕೇಳುವಂತಿಲ್ಲ, ಬಿಡುವಂತಿಲ್ಲ. ಮಾಂಯ್ ಕಾರಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತರು. ಹೊಸ ಚಿನ್ನದ ಡಬ್ಬ ಕೈಚೀಲದಲ್ಲಿತ್ತು, ಅದರ ಮೇಲೆ ಅವರಿಗೆ ಕಣ್ಣೇ ಇರಲಿಲ್ಲ. "ಹೋಗಲಿ ಬಿಡು, ಸ್ಟೀಲಿನದ್ದು ಇಟ್ಟರಾಯಿತು" ಎಂದರು. ಆ ದನಿ ಕೇಳಿ ನಾನು ಗಂಡನ ಕಡೆ ನೋಡಿದೆ. ಅವರು ರಸ್ತೆ ನೋಡುತ್ತಿದ್ದರು.

ಏರ್‌ಪೋರ್ಟಿನಲ್ಲಿ ಲೈನಿನಲ್ಲಿ ನಿಂತಿದ್ದೇವೆ, ಹಿಂದಿನಿಂದ "ಹನಿ! ಹನಿ!" ಎಂಬ ಕೂಗು. ಟೀಚರ್ ಓಡಿ ಬರುತ್ತಿದ್ದಾರೆ, ಎರಡೂ ಕೈಯಲ್ಲಿ ಹರಿವಾಣ, ಮೇಲೆ ಟವೆಲ್. ಟ್ಯಾಕ್ಸಿ ಸಿಗುವುದು ತಡವಾಯಿತಂತೆ. ಟವೆಲ್ ತೆಗೆದರೆ ಬಿಸಿಬಿಸಿ ಪೆಕಾನ್ ಪೈ, ಬೀಜ ಮತ್ತು ಪಾಕ ತುಂಬಿ ಬೇಯಿಸಿದ್ದು, ಹರಿವಾಣದ ಅಂಚಿನವರೆಗೆ.

ಬಿಸಿ ಪೈಯನ್ನು ಸೂಟ್‌ಕೇಸಿಗೆ ಹಾಕುವುದು ಹೇಗೆ? ತಿನ್ನಲೇಬೇಕಾಯಿತು. ಚಮಚ ಇಲ್ಲ, ಕೈಯಲ್ಲೇ. ನಾವು ತಿಂದೆವು, ಲೈನಿನಲ್ಲಿ ಹಿಂದೆ ಇದ್ದ ಉಡುಪಿಯ ಹೋಟೆಲಿನವರು ತಿಂದರು, ಅವರ ಹಿಂದಿನ ಗುಂಪು ತಿಂದಿತು. ಲೈನು ಮುಂದೆ ಹೋಗುತ್ತಿಲ್ಲ ಎಂದು ಬೈಯಲಿಕ್ಕೆ ಬಂದ ಸಿಬ್ಬಂದಿಯವನೂ "ಯಲ್ಲಾ, ಯಲ್ಲಾ" ಎಂದು ಅವಸರ ಮಾಡುತ್ತಲೇ ಒಂದು ತುಂಡು ಎತ್ತಿಕೊಂಡ. ಹರಿವಾಣ ಖಾಲಿಯಾಯಿತು. ಮಾಂಯ್ ಟಿಶ್ಯೂವಿನಲ್ಲಿ ಒರೆಸಿದರು. ನನ್ನ ಗಂಡ ಸೂಟ್‌ಕೇಸಿನ ಝಿಪ್ ತೆರೆದು ಹಿಡಿದರು, ಪಾಪಕ್ಕೆ ಪರಿಹಾರ ಸಿಕ್ಕಿದ ಮುಖದಲ್ಲಿ.

ಮಾಂಯ್ ಹಾಕಲಿಲ್ಲ. ಟೀಚರನ್ನೇ ನೋಡಿದರು. ಟೀಚರ್ ಟವೆಲನ್ನು ಮಡಚುತ್ತಿದ್ದರು, ಮಡಚಿದ್ದನ್ನೇ ಬಿಡಿಸಿ ಪುನಃ ಮಡಚುತ್ತಿದ್ದರು. ಈಗ ಮನೆಗೆ ಹೋದರೆ ಎದುರು ಮನೆಯ ಬೆಲ್ ಒತ್ತಲಿಕ್ಕೆ ಕಾರಣ ಇಲ್ಲ ಅವರಿಗೆ.

ಮಾಂಯ್ ಕೈಚೀಲದಿಂದ ಮಗಳ ಮದುವೆಯ ಕಾಗದ ತೆಗೆದು ಹರಿವಾಣದ ನಡುವೆ ಇಟ್ಟರು. ಎರಡೂ ಕೈಯಲ್ಲಿ ಹಿಡಿದು ಟೀಚರಿಗೆ ಕೊಟ್ಟರು.

"ಹೇಳು ಬಾಯೆ. ಟೀಚರ್‌ಬಾಯಿ ರೋಸಿಗೆ ಬರಬೇಕು. ಹರಿವಾಣ ಅವರೇ ತರಬೇಕು."

"ಅಮ್ಮಾ, ಅವರು ಬರದಿದ್ದರೆ?" ಎಂದು ನನ್ನ ಗಂಡ ಕೂಗಿದರು.

"ನೀನು ಝಿಪ್ ಹಾಕು" ಎಂದು ಮಾಂಯ್ ಮುಂದೆ ನಡೆದರು.

ಜವಳಿ ಅಂಗಡಿಯ ಚೀಲ

ಟೀಚರಿಗೆ ಶಾಲೆಯ ರಜೆ ಇನ್ನೂ ಇತ್ತು, ವೀಸಾವೂ ಬಂತು. ನಾನೂ ಗಂಡನೂ ಮೊದಲೇ ಊರಿಗೆ ಹೋಗಿದ್ದೆವು. ರೋಸಿನ ದಿನ ಸಂಜೆ ಚಪ್ಪರ ತುಂಬಿತು, ಮದುಮಗಳನ್ನು ಮಣೆಯ ಮೇಲೆ ಕೂರಿಸಿದ್ದಾಯಿತು, ತೆಂಗಿನ ಹಾಲು ಹಿಂಡಿ ಇಟ್ಟದ್ದಾಯಿತು. ಟೀಚರಿನ ವಿಮಾನ ತಡ. ಮನೆಯ ಹೆಂಗಸರು ಸ್ಟೀಲಿನ ತಟ್ಟೆ ತಂದು ಮಾಂಯ್‌ಯ ಮುಖ ನೋಡಿದರು. ಮಾಂಯ್ "ಇನ್ನೊಂದು ಹಾಡು ಹಾಡಿ" ಎಂದರು. ಹಾಡಿದರು. "ಇನ್ನೊಂದು" ಎಂದರು. ನಮ್ಮ ಹತ್ತಿರ ಇದ್ದ ಹಾಡೆಲ್ಲ ಮುಗಿಯುತ್ತಾ ಬಂದಿತ್ತು. ಮದುಮಗಳು ಮಣೆಯ ಮೇಲೆ ಕೂತು ತೂಕಡಿಸುತ್ತಿದ್ದಳು. ನನ್ನ ಗಂಡ ಗೇಟಿನ ಹತ್ತಿರ ಹೋಗಿ ನಿಂತವರು ಒಳಗೆ ಬರಲು ಧೈರ್ಯ ಮಾಡಲಿಲ್ಲ.

ಆಗ ಗೇಟಿನಲ್ಲಿ ಟ್ಯಾಕ್ಸಿ ನಿಂತಿತು. ಟೀಚರ್ ಇಳಿದರು, ಕೈಯಲ್ಲಿ ಹರಿವಾಣ. ಬೆಂಗಳೂರು, ಮುಂಬಯಿ ಯಾವುದೂ ನೋಡದೆ ಮೊದಲ ಸಲ ಇಂಡಿಯಾಕ್ಕೆ ಬಂದವರು, ನೇರ ಚಪ್ಪರಕ್ಕೆ ಬಂದರು. ಹರಿವಾಣದ ತುಂಬ ಪೆಕಾನ್ ಮಿಠಾಯಿ, ಖಾಲಿ ತರುವವರಲ್ಲವಲ್ಲ. ಮಾಂಯ್ ಅದನ್ನು ಮಕ್ಕಳ ಕಡೆ ಸುರಿದು, ಸೆರಗಿನಲ್ಲಿ ಒರೆಸಿ, ಬೋಗುಣಿ ಇಟ್ಟರು. ಆಗ ಅವರ ಕಣ್ಣಲ್ಲಿ ನೀರು ಬಂತು. ನನ್ನ ಕಣ್ಣಲ್ಲೂ ಬಂತು, ಸುಳ್ಳು ಯಾಕೆ ಹೇಳಬೇಕು. ಮೊದಲ ಹಾಲು ಮಾಂಯ್ ಹಚ್ಚಿದರು, ಎರಡನೆಯದು ಟೀಚರಿನ ಕೈಯಲ್ಲಿ ಹಚ್ಚಿಸಿದರು.

ಮದುವೆ ಮುಗಿದು ಟೀಚರ್ ಹೊರಡುವ ದಿನ ನಾನು ಕಾಯುತ್ತಿದ್ದೆ. ಹರಿವಾಣ ತುಂಬಿ ಬಂದಿತ್ತು, ಮಾಂಯ್ ಈಗ ಎಂತ ಮಾಡುತ್ತಾರೆ? ಮಾಂಯ್ ಒಳಗಿನಿಂದ ಲಾಡು, ಚಕ್ಕುಲಿ ತಂದು ಜವಳಿ ಅಂಗಡಿಯ ಒಂದು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಗಂಟು ಕಟ್ಟಿ, ಟೀಚರಿನ ಕೈಗೆ ಕೊಟ್ಟರು. ಹರಿವಾಣ ಕಪಾಟಿನ ಒಳಗೆ ಹೋಯಿತು. ಬೀಗ ಬಿತ್ತು.

ನಾನು ತಲೆ ಚಚ್ಚಿಕೊಳ್ಳುವುದೊಂದು ಬಾಕಿ. "ಮಾಂಯ್, ಪ್ಲಾಸ್ಟಿಕ್ ಚೀಲದಲ್ಲಿ ಕೊಡಬಹುದಾದರೆ ಕುವೈತಿನಲ್ಲೇ ಕೊಡಬಹುದಿತ್ತಲ್ಲ! ನನ್ನ ನಿದ್ದೆಯಾದರೂ ಉಳಿಯುತ್ತಿತ್ತು."

"ಕೊಡಬಹುದಿತ್ತು ಬಾಯೆ. ಆಗ ಅವಳು ಮದುವೆಗೆ ಬರುತ್ತಿದ್ದಳಾ?"

ನಾನು ಬೀಗ ಬಿದ್ದ ಕಪಾಟನ್ನು ನೋಡಿದೆ. "ಮತ್ತೆ ಚೀಲವನ್ನು ಯಾರೂ ವಾಪಸು ಕೊಡುವುದಿಲ್ಲ" ಎಂದು ಮಾಂಯ್ ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು.

ನಾವು ಕುವೈತಿಗೆ ಬಂದೆವು. ಮೊದಲ ನೈಟ್ ಡ್ಯೂಟಿ ಮುಗಿಸಿ, ಕರ್ಟನ್ ಎಳೆದು ಮಲಗಿದೆ. ಇನ್ನೇನು ಕಣ್ಣು ಹತ್ತಬೇಕು, ಬೆಲ್ಲು ಹೊಡೆಯಿತು.

ಬಾಗಿಲಲ್ಲಿ ಟೀಚರ್. ಕೈಯಲ್ಲಿ ಅದೇ ಜವಳಿ ಅಂಗಡಿಯ ಪ್ಲಾಸ್ಟಿಕ್ ಚೀಲ, ತೊಳೆದು ಒಣಗಿಸಿದ್ದು. ಒಳಗೆ ಏನೋ ತುಂಬಿತ್ತು.

"ಇದನ್ನು ಮಿಸ್ ಮಾಂಯ್‌ಗೆ ತಲುಪಿಸಬೇಕು ಹನಿ" ಎಂದರು.